ಮಹಾಬಲ ಶೆಟ್ಟರ ಮೂಗ ಗಿಟಾರು

ಮೀನಿನ ಸಾರಿಗೆ ಉಪ್ಪು ಸಾಲದು ಎಂಬ ಒಂದೇ ಒಂದು ಮಾತನ್ನು ಮಹಾಬಲ ಶೆಟ್ಟರು ಮದುವೆಯಾದಂದಿನಿಂದ ಹೇಳುತ್ತ ಬಂದಿದ್ದರು. ಹೇಳಬೇಕಾದ ಜಾಗದಲ್ಲೇ ಹೇಳುತ್ತಿದ್ದರು. ಊಟಕ್ಕೆ ಕುಳಿತು, ಅತ್ತೆ ಗುಲಾಬಿ ಶೆಡ್ತಿಯವರ ಕಡೆಗೆ ಮುಖ ಮಾಡಿ, ಮರ್ಯಾದೆಯ ಸ್ವರದಲ್ಲಿ. "ಎಂತ? ಕೇಳುದಿಲ್ಲ," ಎನ್ನುತ್ತಿದ್ದರು ಶೆಡ್ತಿಯವರು. ಎರಡನೆಯ ಸಲ ಹೇಳುವ ಹೊತ್ತಿಗೆ ಶೆಟ್ಟರಿಗೆ ಉಪ್ಪಿನ ಮೇಲಿನ ಆಸೆಯೇ ಹೋಗಿರುತ್ತಿತ್ತು.

ಗುಲಾಬಿ ಶೆಡ್ತಿಯವರ ಕಿವಿ ಮಂದವೆಂಬುದು ಮಂಗಳೂರಿನ ಮಣ್ಣಗುಡ್ಡಕ್ಕೆಲ್ಲ ಗೊತ್ತಿದ್ದ ವಿಷಯ. ಆದರೆ ಆ ಮಂದಕ್ಕೂ ಒಂದು ಕ್ರಮವಿತ್ತು. ಹಿತ್ತಿಲಲ್ಲಿ ತೆಂಗಿನಕಾಯಿ ಬಿದ್ದರೆ ಕೇಳುತ್ತಿತ್ತು. ಮೀನಿನವಳು ಬೀದಿಯ ಆ ತುದಿಯಲ್ಲಿ ಬುಟ್ಟಿ ಇಳಿಸಿದರೆ ಕೇಳುತ್ತಿತ್ತು. ಮಗ ಚಿತ್ತರಂಜನ ಬಹರೈನಿನಿಂದ ಟ್ರಂಕ್ ಕಾಲಿನಲ್ಲಿ ಕೆಮ್ಮಿದರೆ "ಅವನಿಗೆ ಶೀತ ಆಗಿದೆ" ಎಂದು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದರು. ಮಗಳ ಗಂಡನ ಮಾತು ಬಂದಾಗ ಮಾತ್ರ ಕಿವಿ ರಜೆ ಹಾಕುತ್ತಿತ್ತು.

ಶೆಟ್ಟರು ಇದಕ್ಕೆ ಯಾರನ್ನೂ ದೂರುವಂತಿರಲಿಲ್ಲ. ಆ ಮನೆ ಅಳಿಯಕಟ್ಟಿನದು. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಇಳಿದು ಬಂದದ್ದು. ಕಾನೂನು ಬದಲಾಗಿ ಎಷ್ಟೋ ವರ್ಷವಾಗಿದ್ದರೂ ಆ ಸುದ್ದಿಯನ್ನು ಶೆಡ್ತಿಯವರಿಗೆ ಹೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಅಂಥ ಮನೆಯಲ್ಲಿ ಬಂದು ನೆಲೆಸಿದ ಗಂಡನ ಸ್ಥಾನ ಹಬ್ಬಕ್ಕೆ ಬಂದು ಹಿಂದಿರುಗಲು ಮರೆತ ನೆಂಟನದ್ದು. ಬೀಗದ ಕೈಗಳೆಲ್ಲ ಶೆಡ್ತಿಯವರ ಸೊಂಟದಲ್ಲಿ ಗಲಗಲ ಎನ್ನುತ್ತಿದ್ದವು. ಹೆಂಚಿನ ಕಾರ್ಖಾನೆಯ ಹೆಡ್ ಕ್ಲಾರ್ಕ್ ಆಗಿದ್ದ ಶೆಟ್ಟರ ಬಳಿ ಇದ್ದದ್ದು ಒಂದೇ ಕೀಲಿ, ಸೈಕಲ್ಲಿನದು. ಸೈಕಲ್ಲೂ ಕಾರ್ಖಾನೆಯದು. ಶೆಡ್ತಿಯವರು ಅವರನ್ನು ಹೆಸರಿನಿಂದ ಕರೆದದ್ದೂ ಇಲ್ಲ. "ರತ್ನಾವತಿಯ ಗಂಡ" ಎಂದು ಹೇಳಿದರೆ ಗುರುತಿಗೆ ಅಷ್ಟು ಸಾಕಾಗುತ್ತಿತ್ತು.

ಹೀಗಿರುವಾಗ ಎಂಬತ್ತೆರಡನೆಯ ಇಸವಿಯಲ್ಲಿ ಚಿತ್ತರಂಜನ ರಜೆಯಲ್ಲಿ ಬಂದ. ಜೊತೆಗೆ ಮಗುವಿನ ಶವಪೆಟ್ಟಿಗೆಯಷ್ಟು ಉದ್ದದ, ಮೂಲೆಗಳು ಸವೆದ ಒಂದು ಪೆಟ್ಟಿಗೆಯೂ ಬಂತು.

"ನಮ್ಮ ಅಮೆರಿಕನ್ ದೊರೆಯ ಗಿಟಾರು," ಎಂದ ಚಿತ್ತರಂಜನ, ಮನೆಮಂದಿಯನ್ನು ಸುತ್ತ ನಿಲ್ಲಿಸಿಕೊಂಡು. "ಅಮೆರಿಕದಲ್ಲೇ ಮಾಡಿದ್ದು. ಅವರು ಚಿಕ್ಕ ಪ್ರಾಯದಲ್ಲಿ ಬಾರಿಸುತ್ತಿದ್ದದ್ದಂತೆ. ಚಿತ್ತು, ನಿನಗಲ್ಲದೆ ಇನ್ಯಾರಿಗೆ ಕೊಡಲಿ ಅಂತ ಹೇಳಿ ಕಣ್ಣೀರು ಹಾಕಿದರು."

ಮುಚ್ಚಳ ತೆರೆದಾಗ ಸುತ್ತ ನಿಂತವರಿಗೂ ಕಣ್ಣೀರು ಬರುವುದೊಂದು ಬಾಕಿ. ಒಳಗೆ ಉದ್ದ ಕುತ್ತಿಗೆಯ ಒಂದು ಹಲಗೆ ಮಲಗಿತ್ತು. ಅಲ್ಲಲ್ಲಿ ಬಣ್ಣ ಹಾರಿ ಮರ ಕಾಣುತ್ತಿತ್ತು. ತಂತಿಗಳು ಬಟ್ಟೆ ಒಣಗಿಸುವ ಹಗ್ಗದಷ್ಟು ದಪ್ಪ, ಅವುಗಳ ಮೇಲೆ ಕೊಳೆ. ತಿರುಪುಗಳು ಆನೆಯ ಕಿವಿಯ ಹಾಗೆ ಹರಡಿಕೊಂಡಿದ್ದವು. ಎತ್ತಲು ಹೋದ ರತ್ನಾವತಿ "ಅಯ್ಯಬ್ಬ, ಇದೆಂತ ಕಡೆಯುವ ಕಲ್ಲಾ?" ಎಂದು ಕೆಳಗಿಟ್ಟಳು.

ಶೆಡ್ತಿಯವರ ಕಪಾಟುಗಳಲ್ಲಿ ಮಗ ಹಿಂದೆ ತಂದ ಸಾಮಾನು ತುಂಬಿತ್ತು. ಪ್ಲಾಸ್ಟಿಕ್ ಕವರು ತೆಗೆಯದ ಟೇಪ್ ರೆಕಾರ್ಡರು, ಪೆಟ್ಟಿಗೆಯಿಂದ ಹೊರಬರದ ಮಿಕ್ಸಿ, ಮಡಿಕೆ ಬಿಚ್ಚದ ಕಂಬಳಿ. ಈ ಉದ್ದದ ಪೆಟ್ಟಿಗೆಗೆ ಯಾವ ಕಪಾಟಿನಲ್ಲೂ ಜಾಗ ಸಾಲಲಿಲ್ಲ. ಆದ್ದರಿಂದ ಅದನ್ನು ಶೆಟ್ಟರ ಮಂಚದ ಕೆಳಗೆ ತಳ್ಳಲಾಯಿತು.

"ಬಾವ, ಇದು ನಿಮ್ಮ ವಶ ಆಯ್ತಾ," ಎಂದ ಚಿತ್ತರಂಜನ ಹೊರಡುವ ದಿನ. "ನಾನು ಬರುವವರೆಗೆ ಹೀಗೆಯೇ ಇರ್ಬೇಕು. ಜಾಗ್ರತೆ."

ಮಂಚದ ಕೆಳಗೆ ಜಾಗವಿತ್ತು ಎಂಬ ಕಾರಣ ಶೆಟ್ಟರಿಗೆ ಹೊಳೆಯಲೇ ಇಲ್ಲ. ಈ ಮನೆಯಲ್ಲಿ ತಮ್ಮ ವಶಕ್ಕೆ ಒಂದು ವಸ್ತು ಬಂದಿದೆ ಎಂಬುದಷ್ಟೇ ಅವರಿಗೆ ಕೇಳಿಸಿತು. ಇದನ್ನು ಸರಿಯಾಗಿ ನೋಡಿಕೊಂಡರೆ ಒಂದು ದಿನ ಸೊಂಟದ ಆ ಗೊಂಚಲಿನಿಂದ ಒಂದು ಕೀಲಿಯಾದರೂ ಕಳಚಿ ಬಂದೀತು. ಬಹುಶಃ ಉಪ್ಪೂ.

ವಶದಲ್ಲಿರುವ ವಸ್ತುವನ್ನು ನಾಲ್ಕು ಜನ ನೋಡದಿದ್ದರೆ ಅದು ವಶದಲ್ಲಿದ್ದು ಏನು ಪ್ರಯೋಜನ? ಮುಂದಿನ ಆದಿತ್ಯವಾರವೇ ಶೆಟ್ಟರು ಗಿಟಾರನ್ನು ಜಗಲಿಗೆ ತಂದು, ತೊಡೆಯ ಮೇಲಿಟ್ಟುಕೊಂಡು, ಪೇಪರು ಓದುವವರ ಹಾಗೆ ಕುಳಿತರು. ಎದುರಿನಿಂದ ತಾರಾನಾಥ ಬಂದ. ಮಣ್ಣಗುಡ್ಡದ ಮಿತ್ರವೃಂದಕ್ಕೆ ಅವನು ಕಾರ್ಯದರ್ಶಿ. ಊರಿನಲ್ಲಿ ಯಾರ ಮನೆಗೆ ಏನು ಬಂದರೂ ಮೊದಲು ತಾನು ಮುಟ್ಟಿ ನೋಡಬೇಕೆಂದು ನಂಬಿದವನು.

"ಎಂತ ಶೆಟ್ರೇ ಇದು?"

"ಗಿಟಾರು. ಅಮೆರಿಕದ್ದು."

"ತಂತಿ ನಾಲ್ಕೇ ಉಂಟಲ್ಲ ಮಾರಾಯ್ರೆ? ಇಗರ್ಜಿಯಲ್ಲಿ ಹಾಡುವ ಕ್ರಿಶ್ಚನ್ ಹುಡುಗರದ್ದರಲ್ಲಿ ಆರು ಉಂಟು. ನಾನು ಎಣಿಸಿದ್ದೇನೆ."

ನಾಲ್ಕೇ ಯಾಕೆಂದು ಶೆಟ್ಟರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿದು ಎಲ್ಲರೂ ಚಹಾ ಕುಡಿಯಬಹುದಿತ್ತು. ಆದರೆ ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಹೇಳಿದರು:

"ಆರು ತಂತಿ ಕಲಿಯುವವರಿಗೆ. ಬರುವವರಿಗೆ ನಾಲ್ಕು ಸಾಕು."

"ಓಹೋ! ಹಾಗಾದ್ರೆ ನಿಮಗೆ ಬರ್ತದಾ?"

"ಸ್ವಲ್ಪ."

ನಮ್ಮ ಕಡೆಯ ದೊಡ್ಡ ಮನುಷ್ಯರು ವಿನಯದಿಂದ ಹೇಳುವ "ಸ್ವಲ್ಪ" ಎಷ್ಟು ದೊಡ್ಡದೆಂದು ತಾರಾನಾಥನಿಗೆ ತಿಳಿದಿತ್ತು. ಅವನ ಕಣ್ಣು ಅರಳಿತು.

"ಒಮ್ಮೆ ಬಾರಿಸಿ ನೋಡುವ."

ಶೆಟ್ಟರು ಹೆಬ್ಬೆರಳಿನಿಂದ ದಪ್ಪ ತಂತಿಯನ್ನು ಎಳೆದು ಬಿಟ್ಟರು. ಸೊಳ್ಳೆಪರದೆಯೊಳಗೆ ಸಿಕ್ಕಿಬಿದ್ದ ಸೊಳ್ಳೆಯಷ್ಟು ಸದ್ದು ಬಂತು. ತಾರಾನಾಥ ಕಿವಿಯನ್ನು ಹಲಗೆಗೆ ತಾಗಿಸಿದ.

"ಕೇಳುದಿಲ್ಲ ಶೆಟ್ರೇ."

"ಕರೆಂಟು ಬೇಕು. ಇದು ಹಾಗೆಲ್ಲ ಕಂಡಲ್ಲಿ ಬಾಯಿಬಿಡುವ ಜಾತಿಯದ್ದಲ್ಲ."

ಅದೇ ಸಂಜೆ ಮಿತ್ರವೃಂದದ ಸಭೆಯಲ್ಲಿ ಬೆಳ್ಳಿಹಬ್ಬದ ಕಾರ್ಯಕ್ರಮ ನಿಶ್ಚಯವಾಯಿತು. ಪ್ರಾರ್ಥನೆ, ಸ್ವಾಗತ, ಮುಖ್ಯ ಅತಿಥಿಗಳ ಭಾಷಣ, ಶ್ರೀ ಮಹಾಬಲ ಶೆಟ್ಟಿಯವರಿಂದ ಅಮೆರಿಕನ್ ಗಿಟಾರು ವಾದನ, ಕೊನೆಗೆ ತುಳು ನಾಟಕ. ಶೆಟ್ಟರಿಗೆ ವಿಷಯ ತಿಳಿಯುವಾಗ ನೋಟೀಸು ಅಚ್ಚಾಗಿ ಬಸ್ ನಿಲ್ದಾಣದ ಕಂಬಗಳಿಗೂ ಅಂಟಿಯಾಗಿತ್ತು.

"ನಿಮಗೆ ಬರ್ತದಾ?" ಎಂದು ರತ್ನಾವತಿ ಕೇಳಿದಳು.

"ಶಾಲೆಯಲ್ಲಿ ಹಾರ್ಮೋನಿಯಂ ಬಾರಿಸಿದ್ದೇನೆ."

"ನೀವು ಗಾಳಿ ಹಾಕ್ತಿದ್ದದ್ದು ಅಂತ ನಿಮ್ಮ ಅಕ್ಕ ಹೇಳಿದ್ದಾರೆ. ಬಾರಿಸಿದ್ದು ಮಾಸ್ಟ್ರು."

ಅಷ್ಟರಲ್ಲಿ ಇನ್ನೊಂದು ಕಂಟಕ ಬಂತು. ಮಾರ್ಕೆಟ್ಟಿನ ಬಳಿ ಫಾರಿನ್ ಸಾಮಾನಿನ ಅಂಗಡಿ ಇಟ್ಟಿದ್ದ ಉಮರಬ್ಬ ಬ್ಯಾರಿಯನ್ನು ತಾರಾನಾಥ ಕರೆದುಕೊಂಡು ಬಂದ. ಉಮರಬ್ಬ ಮುಟ್ಟಿ ಒರಿಜಿನಲ್ ಎಂದರೆ ಮಂಗಳೂರಿನಲ್ಲಿ ಅದು ಒರಿಜಿನಲ್. ಅವನು ಗಿಟಾರನ್ನು ಒಂದು ಸುತ್ತು ಹಾಕಿ, ಪೆಟ್ಟಿಗೆಯನ್ನು ಮೂಸಿ ನೋಡಿ, ಸತ್ತವರ ಮನೆಗೆ ಬಂದವನ ಹಾಗೆ ತಲೆ ತಗ್ಗಿಸಿದ.

"ಪ್ಲಾಸ್ಟಿಕ್ ಎಲ್ಲಿ ಶೆಟ್ರೇ?"

"ಪ್ಲಾಸ್ಟಿಕ್ ಇರಲಿಲ್ಲ."

"ಥರ್ಮಾಕೋಲು?"

"ಇಲ್ಲ."

"ಗ್ಯಾರಂಟಿ ಚೀಟಿ?" ಉಮರಬ್ಬ ನಿಟ್ಟುಸಿರು ಬಿಟ್ಟ. "ಪ್ಲಾಸ್ಟಿಕ್ ಇಲ್ಲದ ಫಾರಿನ್ ಉಂಟಾ? ನಿಮ್ಮ ಬಾವನಿಗೆ ಯಾರೋ ಟೋಪಿ ಹಾಕಿದ್ದಾರೆ. ಬಣ್ಣ ಹೋಗಿದೆ, ತಂತಿ ಕಪ್ಪಾಗಿದೆ. ಅಮೆರಿಕದ ಗುಜರಿಯಿಂದ ಎತ್ತಿದ ಮಾಲು ಇದು. ಇದನ್ನು ಹಿಡ್ಕೊಂಡು ನೀವು ಸ್ಟೇಜಿಗೆ ಹತ್ತಿದ್ರೆ ಜನ ನಿಮ್ಮನ್ನು ನಗುದಿಲ್ಲ, ಗುಲಾಬಿಯಕ್ಕನ ಮಗನನ್ನು ನಗ್ತಾರೆ."

ಒಳಗಿನಿಂದ ಬೀಗದ ಕೈಗಳು ಗಲಗಲ ಎಂದವು. ಉಮರಬ್ಬನ ಮಾತು ಶೆಡ್ತಿಯವರಿಗೆ ಸರಿಯಾಗಿ ಕೇಳಿಸಿತ್ತು.

"ರತ್ನಾ," ಎಂದರು ಅವರು ಬಾಗಿಲಿಗೆ ಬಂದು, "ನನ್ನ ಮಗ ಕೊಟ್ಟ ವಸ್ತುವನ್ನು ನಿನ್ನ ಗಂಡ ಹೀಗೆ ಇಟ್ಟುಕೊಂಡದ್ದಾ?"

ಗುಜರಿಯ ಆರೋಪ ಹೀಗೆ ಬಹರೈನಿನಿಂದ ಹೊರಟು ಶೆಟ್ಟರ ತಲೆಯ ಮೇಲೆ ಇಳಿಯಿತು. ಇನ್ನು ಸುಮ್ಮನಿರುವಂತಿರಲಿಲ್ಲ. ವಸ್ತುವನ್ನು ಹೊಸದರ ಹಾಗೆ ಮಾಡಿಯೇ ತೀರಬೇಕು.

ಮೊದಲ ಚಿಕಿತ್ಸೆ ರತ್ನಾವತಿಯದು. ಅವಳು ತಂತಿಗಳನ್ನು ಬಿಚ್ಚಿ, ಹುಳಿ ಮತ್ತು ಬೂದಿ ಹಚ್ಚಿ, ದೀಪದ ಕಂಬ ತಿಕ್ಕುವ ಭಕ್ತಿಯಿಂದ ತಿಕ್ಕಿದಳು. ಕೆಳಗಿನ ಉಕ್ಕಿನ ಮುಚ್ಚಳ ತೆಗೆದಾಗ ಒಳಗೆ ಒಣಗಿ ಹಪ್ಪಳವಾಗಿದ್ದ ಒಂದು ಸ್ಪಂಜಿನ ತುಂಡು ಸಿಕ್ಕಿತು. ಇಲಿ ತಂದಿಟ್ಟದ್ದೆಂದು ಅದನ್ನು ಒಲೆಗೆ ಹಾಕಿದಳು. ಮುಚ್ಚಳ ಚೆಂದವಿತ್ತು. ಅದು ಬಚ್ಚಲಿನಲ್ಲಿ ಸಾಬೂನು ಇಡಲಿಕ್ಕೆ ಆಯಿತು.

ಎರಡನೆಯದು ಸೆವರಿನ್‌ನದು. ಕ್ರಿಶ್ಚನ್ನರನ್ನು ಕರೆಯುವ ರೂಢಿಯಂತೆ ಊರಿಗೆಲ್ಲ ಅವನು ಸೆವರಿನ್ ಪೊರ್ಬು; ಬಿಜೈಯಲ್ಲಿ ಅವನ ಕಾರು ರಿಪೇರಿಯ ಶೆಡ್ಡು. ಗುದ್ದಿದ ಅಂಬಾಸಿಡರನ್ನು ಮದುಮಗಳ ಹಾಗೆ ಮಾಡಿ ಕಳಿಸುವವನೆಂದು ಅವನೇ ಹೇಳಿಕೊಳ್ಳುತ್ತಿದ್ದ. ಅವನು ಗಿಟಾರನ್ನು ಬಾನೆಟ್ಟಿನ ಮೇಲೆ ಮಲಗಿಸಿ ಬೆರಳಿನಿಂದ ತಟ್ಟಿದ.

"ಡೆಂಟ್ ಉಂಟು. ಪುಟ್ಟಿ ಹಾಕ್ತೇನೆ. ಬಣ್ಣ ಕಪ್ಪು ಉಂಟು, ಹಳದಿ ಉಂಟು. ಟ್ಯಾಕ್ಸಿಗೆ ಹೊಡೆದು ಉಳಿದದ್ದು."

"ಬೇರೆ ಬಣ್ಣ ಇಲ್ವಾ ಪೊರ್ಬುಗಳೇ?"

"ಬೇರೆ ಬೇಕಾದ್ರೆ ಮದುವೆ ಸೀಸನ್ ಮುಗೀಲಿ. ಎಂತ ಶೆಟ್ರೇ, ಟ್ಯಾಕ್ಸಿಯ ಬಣ್ಣಕ್ಕೆ ಎಂತ ಆಗಿದೆ? ಬಿಸಿಲಿಗೆ ಹೋಗುದಿಲ್ಲ, ಮಳೆಗೆ ಹೋಗುದಿಲ್ಲ, ಆರ್‌ಟಿಒದವರೂ ಎಂತ ಹೇಳುದಿಲ್ಲ."

ಬಣ್ಣ ಒಣಗಿದ ಮೇಲೆ ಅವನು ಸಣ್ಣ ಬ್ರಶ್ಶು ಹಿಡಿದು ಕೇಳಿದ: "ಹೆಸರು ಎಂತ ಬರಿಲಿ? ಹೆಸರಿಲ್ಲದ ಗಾಡಿ ನನ್ನ ಶೆಡ್ಡಿನಿಂದ ಹೊರಗೆ ಹೋಗುದಿಲ್ಲ."

ಶೆಟ್ಟರಿಗೆ ಜೀವಮಾನದ ಒಂದೇ ಒಂದು ರಾಜತಂತ್ರ ಆಗ ಹೊಳೆಯಿತು. "ಗುಲಾಬಿ ಅಂತ ಬರೀರಿ," ಎಂದರು. ಸೆವರಿನ್ ಹಳದಿಯಲ್ಲಿ ದೊಡ್ಡದಾಗಿ "ಗುಲಾಬಿ" ಎಂದು ಬರೆದು, ಎರಡು ಪಕ್ಕದಲ್ಲಿ ಒಂದೊಂದು ಹೂವನ್ನೂ ಬಿಡಿಸಿದ. ಹೂವಿಗೆ ಚಾರ್ಜು ಮಾಡಲಿಲ್ಲ.

ಮನೆಯಲ್ಲಿ ಶೆಡ್ತಿಯವರು ಕನ್ನಡಕ ಹಾಕಿ ತಮ್ಮ ಹೆಸರನ್ನು ಬಹಳ ಹೊತ್ತು ಓದಿದರು. ಎರಡು ಹೂವನ್ನೂ ಮುಟ್ಟಿ ನೋಡಿದರು. ಆ ದಿನ ಶೆಟ್ಟರ ತಟ್ಟೆಗೆ ಬಂಗುಡೆಯ ನಡು ತುಂಡು ಬಿತ್ತು. ಉಪ್ಪು ಇರಲಿಲ್ಲ.

ಇನ್ನು ಬಾಕಿ ಉಳಿದದ್ದು ಬಾರಿಸುವುದು ಒಂದೇ. ಅದಕ್ಕೆ ಶೆಟ್ಟರು ಕುಲಶೇಖರದ ಮೊರಿಸರಲ್ಲಿಗೆ ಹೊರಟರು. ಕ್ರಿಶ್ಚನ್ನರ ಮದುವೆಗಳಿಗೆ ವಾದ್ಯದ ಪಾರ್ಟಿ ಕೊಂಡುಹೋಗುವ ಮೊರಿಸರಿಗೆ ತಮ್ಮ ಬಗ್ಗೆ ಭಯಂಕರ ಗೌರವವಿತ್ತು. ಕೋಟು ಹಾಕದೆ ಅವರು ಬಾವಿಯಿಂದ ನೀರನ್ನೂ ಸೇದುತ್ತಿರಲಿಲ್ಲ. ಬೆಡ್‌ಶೀಟಿನಲ್ಲಿ ಸುತ್ತಿದ ಗಿಟಾರನ್ನು ಶೆಟ್ಟರು ಸಿಟಿ ಬಸ್ಸಿನಲ್ಲಿ ನಿಲ್ಲಿಸಿಕೊಂಡು ಹೋದರು. ಕಂಡಕ್ಟರು ಅದರ ಎತ್ತರ ನೋಡಿ ಅರ್ಧ ಟಿಕೆಟು ಹರಿದ.

ಮೊರಿಸರು ಬೆಡ್‌ಶೀಟು ಸರಿಸಿದರು. ತಲೆಯನ್ನು ನೋಡಿದರು, ತಿರುಪುಗಳನ್ನು ನೋಡಿದರು, ಕುತ್ತಿಗೆಯ ಹಿಂದೆ ಕೈ ಆಡಿಸಿದರು. ಮುಖ ಪ್ರಸಾದ ತೆಗೆದುಕೊಳ್ಳುವವರ ಹಾಗೆ ಆಯಿತು. ಆಮೇಲೆ ಬೆಡ್‌ಶೀಟು ಪೂರ್ತಿ ಜಾರಿ ಕಪ್ಪು ಹಳದಿ ಕಂಡಿತು.

"ಸಾಯ್ಬಾ! ದೇವರೇ!" ಎಂದು ಮೊರಿಸರು ಎದೆಯ ಮೇಲೆ ಶಿಲುಬೆ ಎಳೆದುಕೊಂಡರು. "ಇದನ್ನು ಯಾರು ಕೊಂದದ್ದು?"

"ಕೊಂದದ್ದಲ್ಲ, ಹೊಸ ಬಣ್ಣ ಹೊಡೆಸಿದ್ದು."

"ಶೆಟ್ರೇ, ಇದು ಅಮೆರಿಕದಲ್ಲಿ ಮಾಡಿದ ಹಳೆ ಬೇಸ್ ಗಿಟಾರು. ಬಣ್ಣ ಹೋದಷ್ಟು ಇದರ ಬೆಲೆ ಹೆಚ್ಚುದು!"

ಸೋಫಾದ ಪ್ಲಾಸ್ಟಿಕ್ಕು ಹರಿದೀತೆಂದು ನೆಲದಲ್ಲಿ ಕೂರುವ ಊರಿನವರಿಗೆ ಈ ಶಾಸ್ತ್ರ ತಲೆಗೆ ಹತ್ತುವಂಥದಲ್ಲ.

"ಹಾಗಾದ್ರೆ ಕಾರಿನ ಬಣ್ಣ ಹೊಡೆದದ್ದು ತಪ್ಪಾ?"

"ಅಲ್ಲಿಯೂ ಇದಕ್ಕೆ ಕಾರಿನ ಬಣ್ಣವೇ ಹೊಡೆಯುದು," ಎಂದರು ಮೊರಿಸರು ನೋವಿನಿಂದ. "ಆದ್ರೆ ಅವರ ಕಾರು ಬೇರೆ ಮಾರಾಯ್ರೆ! ಅದು ಹೋಗ್ಲಿ, ತಂತಿ ಎಂತ ಇಷ್ಟು ಹೊಳೀತದೆ?"

"ಹುಳಿ ಹಾಕಿ ತಿಕ್ಕಿದ್ದು."

"ಹುಳಿ! ವರ್ಷಗಟ್ಟಲೆ ಬೆರಳಿನ ಬೆವರು, ಎಣ್ಣೆ, ಕೊಳೆ ಕೂತು ಕೂತು ಬರುವ ಸ್ವರ ಅದು. ನಾವು ತಂತಿ ಬದಲಾಯಿಸುದಿಲ್ಲ, ಒರೆಸುದೂ ಇಲ್ಲ. ಕೆಳಗಿನ ಮುಚ್ಚಳ ಎಲ್ಲಿ?"

"ಬಚ್ಚಲಿನಲ್ಲಿ."

"ಅದರ ಒಳಗಿನ ಸ್ಪಂಜು?"

"ಒಲೆಯಲ್ಲಿ," ಎಂದರು ಶೆಟ್ಟರು. ಮೊರಿಸರು ಕೋಟಿನ ಗುಂಡಿ ಬಿಚ್ಚಿ ಕುರ್ಚಿಯಲ್ಲಿ ಕುಸಿದರು. ಆಮೇಲೆ ಅವರೇ ಸಮಾಧಾನ ಮಾಡಿಕೊಂಡು, ಸತ್ತವರ ಗುಣಗಾನ ಮಾಡುವ ಸ್ವರದಲ್ಲಿ ಶುರು ಮಾಡಿದರು.

"ಇದು ನೀವು ಎಣಿಸಿದ ಗಿಟಾರು ಅಲ್ಲ ಶೆಟ್ರೇ. ಇದು ಪದ ಹಾಡುದಿಲ್ಲ. ಕೆಳಗೆ ನಿಂತು ಹೊರುದು ಇದರ ಕೆಲಸ. ಜನ ಕುಣಿಯುದು ಇದಕ್ಕೆ, ಹೊಗಳುದು ಹಾಡಿದವನನ್ನು. ಇದು ಉಂಟು ಅಂತ ಯಾರಿಗೂ ಗೊತ್ತಾಗುದಿಲ್ಲ. ನಿಂತ್ರೆ ಮಾತ್ರ ಎಂತದೋ ಕಡಿಮೆ ಆಯ್ತು ಅಂತ ಕಾಣ್ತದೆ. ಎಂತ ಕಡಿಮೆ ಅಂತ ಆಗಲೂ ಗೊತ್ತಾಗುದಿಲ್ಲ."

ಶೆಟ್ಟರು ಆ ವಾದ್ಯವನ್ನು ಮೊದಲ ಸಲ ಸ್ವಂತ ನೆಂಟನನ್ನು ನೋಡುವ ಹಾಗೆ ನೋಡಿದರು.

"ಹಾಗಾದ್ರೆ ಒಬ್ಬನೇ ಬಾರಿಸ್ಲಿಕ್ಕೆ ಆಗುದಿಲ್ವಾ? ನೋಟೀಸಿನಲ್ಲಿ ನನ್ನ ಹೆಸರು ಉಂಟು."

ಮೊರಿಸರಿಗೆ ನಗು ಬಂತು. ನಗುವಿನ ಹಿಂದೆ ಆಸೆಯೂ ಬಂತು. ಜೀವಮಾನವಿಡೀ ಅವರು ಪಟದಲ್ಲಿ ಮಾತ್ರ ನೋಡಿದ ವಸ್ತು ಅದು. ಕೊನೆಗೆ ಒಪ್ಪಂದವಾಯಿತು. ಬೆಳ್ಳಿಹಬ್ಬದಂದು ಮೊರಿಸರ ಪಾರ್ಟಿ ಹಿಂದೆ ನಿಂತು ಬಾರಿಸುವುದು. ಶೆಟ್ಟರು ಮುಂದೆ ನಿಂತು ಬೆರಳು ಆಡಿಸುವುದು. ವೈರು ಚುಚ್ಚಿಯೇ ಇರುತ್ತದೆ, ಶೋಭೆಗೆ. ಎಂಪ್ಲಿಫೈಯರಿನ ಸ್ವಿಚ್ಚು ಮಾತ್ರ ಹಾಕುವುದಿಲ್ಲ. ಬೇಸು ಹೇಗೂ ಯಾರಿಗೂ ಕೇಳಿಸುವುದಿಲ್ಲವಾದ್ದರಿಂದ ಇಲ್ಲವೆಂದು ಯಾರಿಗೂ ತಿಳಿಯುವುದೂ ಇಲ್ಲ. ಇದಕ್ಕೆ ಬದಲಾಗಿ ಪ್ರತಿ ಆದಿತ್ಯವಾರ ಇಗರ್ಜಿಯ ಪೂಜೆ ಮುಗಿಸಿ ಬಂದು ಮೊರಿಸರು ಅದನ್ನು ಒಂದು ಗಂಟೆ ತೊಡೆಯ ಮೇಲಿಟ್ಟುಕೊಳ್ಳಬಹುದು.

ಬೆಳ್ಳಿಹಬ್ಬದ ಸಂಜೆ ಮೈದಾನ ತುಂಬಿತ್ತು. ಮುಂದಿನ ಸಾಲಿನಲ್ಲಿ ಮುಖ್ಯ ಅತಿಥಿಗಳು, ಅವರ ಪಕ್ಕದಲ್ಲಿ ಮನೆಯಿಂದ ತರಿಸಿದ ಮರದ ಕುರ್ಚಿಯಲ್ಲಿ ಗುಲಾಬಿ ಶೆಡ್ತಿಯವರು. ಕೆಸರಾಗದಿರಲೆಂದು ಆ ಕುರ್ಚಿಗಳ ಕೆಳಗೆ ಹಲಗೆ ಹಾಸಿ, ಅದನ್ನು ವೇದಿಕೆಯ ಹಲಗೆಗೇ ಜೋಡಿಸಿದ್ದರು. ಶೆಟ್ಟರು ಜರಿಯ ಶಾಲು ಹೊದ್ದು, ಟ್ಯಾಕ್ಸಿ ಬಣ್ಣದ ಗಿಟಾರು ತೂಗಿಸಿಕೊಂಡು, ಅದರ ಭಾರಕ್ಕೆ ಒಂದು ಕಡೆಗೆ ವಾಲಿ ನಿಂತರು. ಮೊರಿಸರ ಪಾರ್ಟಿ ಶುರು ಮಾಡಿತು. ಶೆಟ್ಟರು ಕಣ್ಣು ಮುಚ್ಚಿ ಬೆರಳು ಆಡಿಸಿದರು. ಅವರ ತನ್ಮಯತೆ ಕಂಡು ಮುಖ್ಯ ಅತಿಥಿಗಳು "ಸಾಧನೆ ಉಂಟು" ಎಂದು ತಲೆದೂಗಿದರು. ಉಮರಬ್ಬ ಕೂಡ ಹಿಂದಿನಿಂದ "ಈಗ ಮಾಲು ಒರಿಜಿನಲ್ ಕಾಣ್ತದೆ" ಎಂದು ಸರ್ಟಿಫಿಕೇಟು ಕೊಟ್ಟ.

ಎಲ್ಲವೂ ಸುಖವಾಗಿ ಮುಗಿಯುತ್ತಿತ್ತು. ಅಷ್ಟರಲ್ಲಿ ಹಾಡು ಹಾಡಿನ ನಡುವಿನ ಮೌನದಲ್ಲಿ ಗುಲಾಬಿ ಶೆಡ್ತಿಯವರ ಸ್ವರ ಇಡೀ ಮೈದಾನಕ್ಕೆ ಕೇಳಿಸಿತು:

"ರತ್ನಾವತಿಯ ಗಂಡ ಎಂತ ಮಾಡುದು ಅಲ್ಲಿ? ಕೇಳುದಿಲ್ಲ."

ತಾರಾನಾಥ ಬೆಚ್ಚಿದ. ಪೆಂಡಾಲಿನ ಅರ್ಧ ಖರ್ಚು ಶೆಡ್ತಿಯವರದು. ವೇದಿಕೆಯ ಮೇಲೆ ಕಣ್ಣು ಹಾಯಿಸಿದ. ಎಲ್ಲ ಪೆಟ್ಟಿಗೆಗಳಲ್ಲೂ ಕೆಂಪು ದೀಪ ಉರಿಯುತ್ತಿತ್ತು. ಶೆಟ್ಟರ ಗಿಟಾರಿನ ವೈರು ಹೋದ ಪೆಟ್ಟಿಗೆಯಲ್ಲಿ ಮಾತ್ರ ಇರಲಿಲ್ಲ. ಅಮೆರಿಕದ ವಸ್ತುವಿಗೆ ಮಿತ್ರವೃಂದದ ಅಜಾಗರೂಕತೆಯಿಂದ ಅವಮಾನವಾಗುವುದನ್ನು ಜವಾಬ್ದಾರಿಯುಳ್ಳ ಯಾವ ಕಾರ್ಯದರ್ಶಿ ಸಹಿಸುತ್ತಾನೆ? ಅವನು ಬಗ್ಗಿಕೊಂಡು ಹೋಗಿ ಸ್ವಿಚ್ಚು ಅದುಮಿದ. ಕೈಗೆ ಸಿಕ್ಕಿದ ಗುಂಡಿಗಳನ್ನೆಲ್ಲ ಬಲಕ್ಕೆ, ಇನ್ನು ತಿರುಗದು ಎಂಬಲ್ಲಿಯವರೆಗೆ ತಿರುಗಿಸಿದ. ಬೇಡ ಬೇಡವೆಂದು ಮೊರಿಸರು ಕೊಂಕಣಿಯಲ್ಲಿ "ನಕಾ! ನಕಾ!" ಎಂದು ಕೂಗಿದ್ದು ಅವನಿಗೆ ಪ್ರೋತ್ಸಾಹದಂತೆ ಕೇಳಿಸಿತು.

ಶೆಟ್ಟರು ಕಣ್ಣು ಮುಚ್ಚಿಯೇ ಇದ್ದರು. ಅತ್ತೆಯ ಮಾತು ಅವರಿಗೂ ಕೇಳಿಸಿತ್ತು. ಜಗಲಿಯಲ್ಲಿ ಎಳೆದ ಅದೇ ದಪ್ಪ ತಂತಿಯನ್ನು ಅವರು ಈ ಸಲ ಮೈಯಲ್ಲಿದ್ದ ಎಲ್ಲ ಬಲ ಹಾಕಿ ಎಳೆದು ಬಿಟ್ಟರು.

ಧೊಂ.

ಅದನ್ನು ಸದ್ದು ಎನ್ನುವುದು ಸರಿಯಲ್ಲ. ಅದು ನೆಲದಿಂದ ಬಂತು. ಪೆಂಡಾಲಿನ ತಗಡುಗಳು ನಡುಗಿದವು. ಒಂದು ಟ್ಯೂಬ್‌ಲೈಟು ಕಳಚಿ ಸ್ವಾಗತ ಭಾಷಣಕಾರರ ಕುರ್ಚಿಯ ಮೇಲೆ ಬಿತ್ತು. ಪುಣ್ಯಕ್ಕೆ ಅವರು ಅಷ್ಟರಲ್ಲೇ ಕುರ್ಚಿಯ ಕೆಳಗೆ ಹೊಕ್ಕಿದ್ದರು. ಮುಖ್ಯ ಅತಿಥಿಗಳ ಕೃತಕ ಹಲ್ಲು ಅವರ ಬಾಯಿಯೊಳಗೇ ಅವರ ಅನುಮತಿಯಿಲ್ಲದೆ ಮಾತಾಡಿತು. "ಟ್ರಾನ್ಸ್‌ಫಾರ್ಮರು ಹೋಯ್ತು!" ಎಂದು ಕೆಲವರು ಓಡಿದರು. "ಕಲ್ಲಿನ ಕೋರೆಯಲ್ಲಿ ಬೆಡಿಮದ್ದು ಇಟ್ಟದ್ದು!" ಎಂದು ಕೆಲವರು ಕೂತರು. ನಾಟಕದ ರಾಜ ಅರ್ಧ ಮೀಸೆಯಲ್ಲಿ ಹೊರಗೆ ಬಂದು ಯುದ್ಧ ಈಗಲೇ ಶುರುವಾಯಿತೇ ಎಂದು ವಿಚಾರಿಸಿದ.

ಗಲಾಟೆ ತಗ್ಗಿದಾಗ ಮುಂದಿನ ಸಾಲಿನಲ್ಲಿ ಕದಲದೆ ಕುಳಿತಿದ್ದವರು ಒಬ್ಬರೇ. ಗುಲಾಬಿ ಶೆಡ್ತಿಯವರ ಒಂದು ಕೈ ಕುರ್ಚಿಯ ಹಿಡಿಯ ಮೇಲೆ, ಇನ್ನೊಂದು ಎದೆಯ ಮೇಲೆ. ಸೊಂಟದ ಬೀಗದ ಕೈಗಳು ಇನ್ನೂ ತಾವಾಗಿ ಗಲಗಲ ಎನ್ನುತ್ತಿದ್ದವು.

"ಕೇಳಿತು," ಎಂದರು ಅವರು.

ಓಡಿದವರು ಅಲ್ಲಲ್ಲೇ ಹಿಂದಿರುಗಿ ನೋಡಿದರು.

"ಇನ್ನೊಮ್ಮೆ."

ಶೆಟ್ಟರು ಇನ್ನೊಮ್ಮೆ ಎಳೆಯುವುದಕ್ಕೂ ಮೈದಾನದ ಗೇಟಿನಲ್ಲಿ ಬಜ್ಪೆಯ ವಿಮಾನ ನಿಲ್ದಾಣದಿಂದ ಬಂದ ಟ್ಯಾಕ್ಸಿ ನಿಲ್ಲುವುದಕ್ಕೂ ಸರಿಹೋಯಿತು. ಬೆಳ್ಳಿಹಬ್ಬಕ್ಕೆ ಅನಿರೀಕ್ಷಿತವಾಗಿ ಬರುವ ಗತ್ತಿನಲ್ಲಿ ಚಿತ್ತರಂಜನ ಇಳಿದ. ವೇದಿಕೆಯನ್ನು ನೋಡಿದ. ತಾನು ಇಳಿದ ಟ್ಯಾಕ್ಸಿಯನ್ನು ನೋಡಿದ. ಮತ್ತೆ ವೇದಿಕೆಯನ್ನು ನೋಡಿದ.

"ನಮ್ಮ ಗಾಡಿಯದ್ದೇ ಕಲರು ಅಲ್ವಾ ಸಾರ್?" ಎಂದ ಡ್ರೈವರು ಹೆಮ್ಮೆಯಿಂದ. "ಸೆವರಿನ್ ಪೊರ್ಬುಗಳ ಕೈ. ನೋಡಿದ ಕೂಡ್ಲೆ ಗೊತ್ತಾಗ್ತದೆ."

ವಿಚಾರಣೆ ಮನೆಯ ಚಾವಡಿಯಲ್ಲಿ ನಡೆಯಿತು. ಗಿಟಾರು ನಡುವೆ ಮಲಗಿತ್ತು. ಚಿತ್ತರಂಜನನ ಮೈಯಿಂದ ಸೆಂಟಿನ ವಾಸನೆಯೂ ಬಾಯಿಂದ ಬೆಂಕಿಯೂ ಬರುತ್ತಿತ್ತು.

"ಬಾವ, ನಾನು ಎಂತ ಹೇಳಿದ್ದೆ? ಹೀಗೆಯೇ ಇರ್ಬೇಕು ಅಂತ ಅಲ್ವಾ ಹೇಳಿದ್ದು? ಈಗ ದೊರೆಗೆ ಎಂತ ಕೊಡುದು ನಾನು?"

"ದೊರೆಗೆ ಯಾಕೆ ಕೊಡುದು?" ಎಂದು ರತ್ನಾವತಿ ಕೇಳಿದಳು. "ನಿನಗೆ ಕಣ್ಣೀರು ಹಾಕಿ ಕೊಟ್ಟದ್ದು ಅಲ್ವಾ?"

ಚಿತ್ತರಂಜನನ ಬೆಂಕಿ ಒಮ್ಮೆಲೇ ನಂದಿತು. ಅವನು ತಂಗಿಯ ಕಡೆ ನೋಡಲಿಲ್ಲ, ಬಾವನ ಕಡೆ ನೋಡಲಿಲ್ಲ, ಸೂರಿನ ಕಡೆ ನೋಡಿದ. ದೊರೆ ಗಿಟಾರನ್ನು ಕೊಟ್ಟದ್ದಲ್ಲ. ಮನೆ ಬದಲಾಯಿಸುವಾಗ ಸ್ವಲ್ಪ ಸಮಯ ಇಟ್ಟುಕೋ ಎಂದದ್ದು. ಇಟ್ಟುಕೊಂಡವನು ಅದನ್ನು ಊರಿಗೆ ತಂದು ಉಡುಗೊರೆ ಮಾಡಿಬಿಟ್ಟಿದ್ದ. ಈಗ ದೊರೆ ಕೇಳುತ್ತಿದ್ದಾರೆ, ದಿನಾಲೂ ಕೇಳುತ್ತಿದ್ದಾರೆ.

"ಅಂದ್ರೆ," ಎಂದರು ಮಹಾಬಲ ಶೆಟ್ಟರು ನಿಧಾನವಾಗಿ, "ನಾನು ಜಾಗ್ರತೆಯಲ್ಲಿ ಇಟ್ಟದ್ದು ನೀನು ಜಾಗ್ರತೆಯಲ್ಲಿ ಇಡ್ಬೇಕಾದ್ದು."

"ಅಮ್ಮ," ಎಂದು ಚಿತ್ತರಂಜನ ತಾಯಿಯ ಕಡೆಗೆ ತಿರುಗಿದ. "ಅದನ್ನು ನಾಳೆಯೇ ಬಣ್ಣ ಕೆರೆಸಿ ತಕೊಂಡು ಹೋಗ್ತೇನೆ. ದೊರೆಗೆ ಕೊಡದೆ ಆಗುದಿಲ್ಲ."

"ಎಂತ?" ಎಂದರು ಗುಲಾಬಿ ಶೆಡ್ತಿಯವರು. "ಕೇಳುದಿಲ್ಲ."

ಚಿತ್ತರಂಜನ ಗಟ್ಟಿಯಾಗಿ ಹೇಳಿದ. ಬಹರೈನಿನ ಕೆಮ್ಮು ಕೇಳುವ ತಾಯಿಗೆ ಮೂರು ಗೇಣು ದೂರದ ಕೂಗು ಕೇಳಿಸಲಿಲ್ಲ. ಅವರು ಬಗ್ಗಿ ಗಿಟಾರಿನ ಮೇಲಿನ ಹಳದಿ ಅಕ್ಷರದ ಮೇಲೆ ಬೆರಳಿಟ್ಟರು.

"ಇದರಲ್ಲಿ ನನ್ನ ಹೆಸರು ಉಂಟು. ನನ್ನ ಹೆಸರಿದ್ದದ್ದು ಈ ಮನೆಯಿಂದ ಹೊರಗೆ ಹೋದದ್ದು ಉಂಟಾ? ನಾಳೆ ರತ್ನನಿಗೆ, ಮತ್ತೆ ಅವಳ ಮಗಳಿಗೆ."

ಹೀಗೆ ಅಮೆರಿಕದ ಗಿಟಾರು ಅಳಿಯಕಟ್ಟಿನಲ್ಲಿ ಸೇರಿತು. ಶೆಡ್ತಿಯವರು ಗೊಂಚಲಿನಿಂದ ಒಂದು ಕೀಲಿಯನ್ನು ಕಳಚಿ, ಮಹಾಬಲ ಶೆಟ್ಟರ ಅಂಗೈಯಲ್ಲಿ ಹಾಕಿದರು. ಚಾವಡಿಯ ಪಕ್ಕದ ಸಣ್ಣ ಕೋಣೆಯದು. ಅಲ್ಲಿಂದ ಹಳೆಯ ಕೊಡೆಗಳನ್ನು ಹೊರಗೆ ಹಾಕಿ ಗಿಟಾರನ್ನು ಇಡಲಾಯಿತು. ಆದಿತ್ಯವಾರ ಬಂದಾಗ ಬೇಕಾಗುತ್ತದೆಂದು ಮೊರಿಸರು ತಮ್ಮ ಹಳೆಯ ಎಂಪ್ಲಿಫೈಯರನ್ನೂ ಅಲ್ಲೇ ತಂದಿಟ್ಟರು. ಟ್ಯಾಕ್ಸಿ ಬಣ್ಣ ಕಾಣದಿರಲೆಂದು ಅವರು ಕಣ್ಣು ಮುಚ್ಚಿಕೊಂಡೇ ಬಾರಿಸುತ್ತಿದ್ದರು.

ಚಿತ್ತರಂಜನ ಬರಿಗೈಯಲ್ಲಿ ಹೋದ. ಅವನ ಜೊತೆ ಕೆಲಸ ಮಾಡುವವರು ರಜೆಯಲ್ಲಿ ಬಂದಾಗ ಹೇಳಿದ್ದಿಷ್ಟು: "ನಿಮ್ಮ ಗಿಟಾರನ್ನು ನಮ್ಮ ಕುಟುಂಬದವರು ಪ್ರತಿಷ್ಠೆ ಮಾಡಿಬಿಟ್ಟಿದ್ದಾರೆ, ಕೀಲಿ ಹಿರಿಯರ ಹತ್ತಿರ ಉಂಟು, ಇನ್ನು ಕದಲಿಸುವಂತಿಲ್ಲ" ಎಂದು ಅವನು ದೊರೆಗೆ ತಿಳಿಸಿದನಂತೆ. ದೊರೆ ಈ ಸಲ ನಿಜವಾಗಿಯೂ ಕಣ್ಣೀರು ಹಾಕಿದರಂತೆ. ಇಂಡಿಯಾದಲ್ಲಿ ತನ್ನ ಗಿಟಾರಿಗೆ ಪೂಜೆಯಾಗುತ್ತದೆಂದು ಪಾರ್ಟಿಗಳಲ್ಲಿ ಹೇಳಿಕೊಂಡು ತಿರುಗುತ್ತಿದ್ದಾರಂತೆ. ಚಿತ್ತರಂಜನನಿಗೆ ಪ್ರಮೋಶನ್ನೂ ಆಯಿತು.

ಶೆಟ್ಟರಿಗೆ ಕೀಲಿಯಿಂದ ಧೈರ್ಯ ಬಂದಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಕುಳಿತು, ಸಾರಿನಲ್ಲಿ ಬೆರಳದ್ದಿ ನೋಡಿ, ಎದುರಿನ ಮಣೆಯಲ್ಲಿದ್ದ ಅತ್ತೆಯ ಕಡೆಗೆ ಮುಖ ಮಾಡಿದರು.

"ಮಾಮಿ, ಸಾರಿಗೆ ಉಪ್ಪು ಸಾಲದು."

"ಎಂತ? ಕೇಳುದಿಲ್ಲ."

ಶೆಟ್ಟರು ಎರಡನೆಯ ಸಲ ಹೇಳಲಿಲ್ಲ. ಎಡಗೈಯಿಂದ ಜೇಬಿನ ಕೀಲಿ ತೆಗೆದರು. ಎದ್ದು ಹೋದರು. ಕೋಣೆಯ ಬಾಗಿಲು ಕಿರ್ ಎಂದಿತು, ಸ್ವಿಚ್ಚು ಟಕ್ ಎಂದಿತು. ಆಮೇಲೆ ಚಾವಡಿ, ಅಡಿಗೆಮನೆ, ಅಟ್ಟ, ಮಾಡಿನ ಹೆಂಚು ಎಲ್ಲ ಒಟ್ಟಿಗೆ ಒಂದೇ ಮಾತು ಹೇಳಿದವು.

ಧೊಂ.

ಶೆಡ್ತಿಯವರ ಮಣೆ ನಡುಗಿತು. ಅವರು ತುತ್ತು ನುಂಗಿ, ಅಡಿಗೆಮನೆಯ ಕಡೆಗೆ ತಲೆ ತಿರುಗಿಸಿದರು.

"ರತ್ನಾ, ಉಪ್ಪು ತಾ. ಮಹಾಬಲನಿಗೆ ಸಾಲುದಿಲ್ಲಂತೆ."